ಮೂಳೆ ಕಡಿದ ಹಸು

ನಮ್ಮ ಸೀಮೆಹಸು ಮೂಳೆ ಕಡಿಯುತ್ತಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಶನಿವಾರ ಕೊರಟಗೆರೆಯಿಂದ ಬಸ್ಸು ಹತ್ತಿ ಬರಗೂರಿನ ಪಕ್ಕದ ನಮ್ಮೂರಿಗೆ ಹೋಗಿ ನೋಡಿದರೆ ನಿಜವೇ. ತಿಪ್ಪೆಯ ಹತ್ತಿರ ನಿಂತು, ಯಾವುದೋ ಕುರಿಯ ಒಣಮೂಳೆಯನ್ನು ದವಡೆಯ ಒಂದು ಬದಿಗೆ ಸರಿಸಿಕೊಂಡು ಕಟಕಟ ಜಗಿಯುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಣ್ಣು ಮಾತ್ರ ಎಂದಿನಂತೆ ಶಾಂತ.

ಕರು ಹಾಕಿ ಒಂದು ತಿಂಗಳಾಗಿತ್ತು. ಎರಡು ಹೊತ್ತೂ ಡೇರಿಗೆ ಕ್ಯಾನು ತುಂಬಿ ಹೋಗುತ್ತಿತ್ತು. ಶುಕ್ರವಾರ ಅರಿಶಿನ ಕುಂಕುಮ ಇಡುವ ಹಸು ಮೂಳೆಗೆ ಬಾಯಿ ಹಾಕಿತಲ್ಲ ಎಂದು ಅಮ್ಮನಿಗೆ ಹೇಸಿಗೆ, ಅದಕ್ಕಿಂತ ಹೆಚ್ಚು ನಾಚಿಕೆ. ಬೀದಿಯವರು ನೋಡುವ ಮೊದಲೇ, ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯನ್ನು ತಂದು ಅದಕ್ಕೆ ಕಟ್ಟಿದಳು. ಮೇವಿನ ಹೊತ್ತಿಗಷ್ಟೇ ಬಿಚ್ಚುವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು, ಗಂಟು ಬಿಗಿಯಾಗಿದೆಯೇ ಎಂದು ನೋಡಿಕೊಟ್ಟೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಹಸು ಕುಕ್ಕೆಯ ಕಿಂಡಿಯಿಂದ ನಾಲಿಗೆ ಚಾಚಿ ಗೋಡೆಯ ಮಣ್ಣು ನೆಕ್ಕಲು ನೋಡುತ್ತಿತ್ತು. ಮುಂದಿನ ಶನಿವಾರ ಹೋದಾಗ ಬೆಳಗಿನಿಂದ ಎದ್ದೇ ಇರಲಿಲ್ಲ. ಹಿಂಗಾಲು ಊರುವುದು, ಕುಸಿಯುವುದು. ಅಮ್ಮ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದಳು. ಇನ್ನು ಏಳುವುದಿಲ್ಲವೇನೋ ಎಂದು ಪಕ್ಕದಲ್ಲೇ ಕೂತು ಅಳುತ್ತಿದ್ದಳು. ನಾನು ದನದ ಡಾಕ್ಟರನ್ನು ಕರೆಸಿದೆ.

ಅವರು ಹಸುವನ್ನು ಮುಟ್ಟಿ ನೋಡಿ, ಮೂಳೆ ತಿನ್ನುತ್ತಿತ್ತೇ ಎಂದು ತಾವೇ ಕೇಳಿದರು. ಅಮ್ಮ ತಲೆ ತಗ್ಗಿಸಿ, ಕುಕ್ಕೆ ಕಟ್ಟಿದ್ದನ್ನು ಹೇಳಿದಳು. ಮೈಯಲ್ಲಿದ್ದ ಫಾಸ್ಫರಸ್ಸು, ಅಂದರೆ ರಂಜಕವೆಲ್ಲ ಹಾಲಿನಲ್ಲಿ ಹೋಗಿದೆ, ಬರೀ ಒಣಹುಲ್ಲಿನಿಂದ ಅದು ತುಂಬುವುದಿಲ್ಲ ಎಂದರು. ಬೀದಿಯ ಮೂಳೆ ತಿಂದರೆ ವಿಷವಾಗಬಹುದು, ತಡೆದದ್ದು ಸರಿ. ಯಾಕೆ ತಿನ್ನುತ್ತಿದೆ ಎಂದು ಆಗಲೇ ವಿಚಾರಿಸಬೇಕಿತ್ತು ಎಂದು ಬೈದು, ರಕ್ತನಾಳಕ್ಕೆ ಔಷಧಿಯ ಬಾಟಲಿ ಏರಿಸಿದರು.

ಬಾಟಲಿ ಎತ್ತಿ ಹಿಡಿದು ನಿಂತಿದ್ದ ನನ್ನ ಮೈ ಜುಮ್ಮೆಂದಿತು. ಮೂಳೆಯಲ್ಲಿ ರಂಜಕವಿದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಹುಟ್ಟಿದಾಗಿನಿಂದ ಹುಲ್ಲು ತಿಂದ ಈ ಪ್ರಾಣಿಗೆ ಅದನ್ನು ಯಾರು ಹೇಳಿಕೊಟ್ಟರು? ರಕ್ತದಲ್ಲಿನ ಕೊರತೆ ಯಾವ ದಾರಿಯಲ್ಲಿ ಮಿದುಳಿಗೆ ಮುಟ್ಟಿತು? ತಿಪ್ಪೆಯಲ್ಲಿ ಅಷ್ಟೊಂದು ಕಸವಿರುವಾಗ ಆ ಬಿಳಿ ಚೂರಿನ ಮುಂದೆಯೇ ಅದು ಹೇಗೆ ನಿಂತಿತು? ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಆವತ್ತು ಅದರ ಬೆನ್ನ ಮೇಲೆ ಕೈಯಿಡಲೂ ಒಂಥರಾ ಭಯಭಕ್ತಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಹಸು ಎದ್ದಿತು, ಕಾಲು ನಡುಗುತ್ತಲೇ. ಅಮ್ಮ ಡಾಕ್ಟರು ಕೊಟ್ಟ ಖನಿಜದ ಪುಡಿಯನ್ನು ಬೂಸಾದ ಜೊತೆ ಕಲಸಿ ಅಂಗೈಯಲ್ಲೇ ಹಿಡಿದಳು. ಅದು ಬೆರಳ ಸಂದನ್ನೂ ಬಿಡದೆ ನೆಕ್ಕಿತು.

"ಇಷ್ಟ್ ದಿನ ಕೇಳ್ತಾನೇ ಇತ್ತು ಕಣ್ಲಾ," ಅಂದಳು ಅಮ್ಮ. "ನಾನು ಬಾಯಿ ಕಟ್ಬುಟ್ಟೆ."

ಆ ಸಂಜೆ ಕರುವಿಗೆ ಬೇಕಾದಷ್ಟು ಕುಡಿಯಲು ಬಿಟ್ಟಳೇ ಹೊರತು ತಾನು ಕೆಚ್ಚಲಿಗೆ ಕೈ ಹಾಕಲಿಲ್ಲ. ಬರಿಗೈಯಲ್ಲೇ ಡೇರಿಗೆ ಹೋಗಿ, ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆಲ್ಲ ತನ್ನ ಹಸು ಮೂಳೆ ಕಡಿದದ್ದನ್ನು ತಾನೇ ಹೇಳಿಬಂದಳು.