ಹಾಳೆಗೆ ಅಂಟಿದ ದೊಡ್ಡಮ್ಮ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಅವರ ಮುಖದೆದುರೇ ನಗುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕುಮಟಾದ ಸಣ್ಣ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಏಡಿಯ ಚಿಪ್ಪಿನಿಂದ ತೆಗೆದ ನ್ಯಾನೋ ಎಳೆಗಳಿಂದ ತೆಳುವಾದ ಹಾಳೆ ಮಾಡಿ, ಮನುಷ್ಯರ ಜೀವಕೋಶಗಳು ಅದಕ್ಕೆ ಅಂಟಿ ಬೆಳೆಯುತ್ತವೆಯೋ ಸಾಯುತ್ತವೆಯೋ ನೋಡುತ್ತೇವೆ. ಒಗ್ಗಿದರೆ ಮುಂದೆ ಸವೆದ ಮೂಳೆಗೆ ಅದನ್ನು ಹಾಕಬಹುದು. ಬೆಳಕೆ ಊರಿನ ನನ್ನ ದೊಡ್ಡಮ್ಮನಿಗೆ ಹೊನ್ನಾವರದಲ್ಲಿ ಮಂಡಿ ಆಪರೇಷನ್ ಆದಾಗ, ತೆಗೆದ ಮೂಳೆಯ ಚೂರನ್ನು ಅವರನ್ನು ಕೇಳಿಯೇ ತಂದಿದ್ದೆ. "ತಕಂಡ್ ಹೋಗು ಮಾರಾಯ್ತಿ, ಬೆಕ್ಕಿಗೆ ಹಾಕೂಕೂ ಆಗೂದಿಲ್ಲ" ಎಂದು ನಕ್ಕಿದ್ದರು. ಅದರ ಕೋಶಗಳು ಹಾಳೆಯನ್ನು ಬಿಗಿಯಾಗಿ ಹಿಡಿದು ಬೆಳೆದವು. ನನ್ನ ಇಷ್ಟು ವರ್ಷಗಳ ಕೆಲಸ ಅವುಗಳ ಮೇಲೆಯೇ ನಿಂತಿತ್ತು.

ಕಳೆದ ಮಳೆಗಾಲ ಮುಗಿಯುವಾಗ ದೊಡ್ಡಮ್ಮ ತೀರಿಕೊಂಡರು. ಉತ್ತರಕ್ರಿಯೆಯ ದಿನ ಎಡೆ ಇಟ್ಟು ಕಾದೆವು. ಅವರು ಒಣಮೀನು ಹರವುವಾಗ ಕೋಲು ಹಿಡಿದು ಓಡಿಸಬೇಕಿದ್ದ ಕಾಗೆಗಳು ಅಂದು ಮಾಡಿನ ಮೇಲೆ ಸುಮ್ಮನೆ ಕೂತಿದ್ದವು. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವಂತೆ. ಮೊಮ್ಮಗಳ ಮದುವೆ ಮಾಡುತ್ತೇವೆ, ದೋಣಿ ಮಾರುವುದಿಲ್ಲ ಎಂದು ಮನೆಯವರು ಒಂದೊಂದಾಗಿ ಮಾತು ಕೊಟ್ಟರು. ಒಂದು ಕಾಗೆಯೂ ಇಳಿಯಲಿಲ್ಲ. ಕೊನೆಗೆ ದೊಡ್ಡಮ್ಮನ ಮಗ ಗಣಪತಿಯಣ್ಣ ನನ್ನ ಕಡೆ ತಿರುಗಿದ.

"ತಂಗಿ, ಅಮ್ಮ ಪೂರ್ತಿ ಹೋಗ್ಲಿಲ್ಲ. ನಿನ್ನ ಹತ್ರ ಇನ್ನೂ ಸ್ವಲ್ಪ ಜೀವಂತ ಉಂಟಲ್ಲ."

ಅವನ ಕಣ್ಣು ತುಂಬಿತ್ತು, ಬಂದವರೆಲ್ಲ ಹಸಿದು ಕೂತಿದ್ದರು. ಅವನ ಸಮಾಧಾನಕ್ಕೆಂದು, "ಆತು ದೊಡ್ಡಮ್ಮ, ಎಲ್ಲಾ ಬಿಟ್‌ಬಿಡ್ತೆ" ಎಂದೆ. ಹೇಳಿ ಮುಗಿಯುವುದರೊಳಗೆ ಕಾಗೆಯೊಂದು ಇಳಿದು ಎಡೆಗೆ ಬಾಯಿ ಹಾಕಿತು.

ಬಿಡುವ ಯೋಚನೆ ನನಗಿರಲಿಲ್ಲ. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡಮ್ಮನ ಕೋಶಗಳೆಲ್ಲ ಹಾಳೆಯನ್ನು ಬಿಟ್ಟು ತೇಲುತ್ತಿದ್ದವು. ಕೋಶಗಳನ್ನು ಬೆಚ್ಚಗಿಡುವ ಅದೇ ಪೆಟ್ಟಿಗೆಯಲ್ಲಿ, ಅದೇ ಹಾಳೆಯ ತುಂಡುಗಳ ಮೇಲೆ ಬೇರೆಯವರ ಕೋಶಗಳು ಚೆನ್ನಾಗಿಯೇ ಇದ್ದವು. ಸತ್ತು ಉದುರಿರಬೇಕೆಂದು ಬಣ್ಣ ಹಾಕಿ ಪರೀಕ್ಷಿಸಿದೆ. ಒಂದೂ ಸತ್ತಿರಲಿಲ್ಲ. ಹೊಸ ಹಾಳೆ ಕೊಟ್ಟರೂ ಹಿಡಿಯಲಿಲ್ಲ. ಹಾಗೆಯೇ ತೇಲುತ್ತಿದ್ದು ಕೆಲವು ದಿನಗಳಲ್ಲಿ ಇಲ್ಲವಾದವು.

ಕಾರಣ ಹುಡುಕಿ ಸೋತಿದ್ದೇನೆ. ಆದರೆ ನನ್ನ ನಿದ್ದೆ ಕೆಡಿಸಿರುವುದು ಅದಲ್ಲ. ಮೊದಲೇ ಹೆಪ್ಪುಗಟ್ಟಿಸಿಟ್ಟಿದ್ದ ಅವರ ಕೋಶಗಳ ಒಂದು ಸಣ್ಣ ಸೀಸೆ ಇನ್ನೂ ನಮ್ಮ ಶೀತಲ ಪಾತ್ರೆಯಲ್ಲಿದೆ. ಅದನ್ನು ತೆರೆದು ಕೋಶಗಳನ್ನು ಮತ್ತೆ ಬೆಳೆಸಿ ಎಂದು ಮೇಲಿನವರು ಒತ್ತಾಯಿಸುತ್ತಿದ್ದಾರೆ. ತೆರೆಯಲು ಧೈರ್ಯವಿಲ್ಲ, ಎಸೆಯಲು ಮನಸ್ಸಿಲ್ಲ. ಮೊನ್ನೆ ಗಣಪತಿಯಣ್ಣ ಫೋನ್ ಮಾಡಿದ್ದ.

"ಅಮ್ಮ ದಿನಾ ಕನಸಲ್ಲಿ ಬರ್ತಾಳೆ ತಂಗಿ. ಚಳಿ, ಚಳಿ ಅಂತಾಳೆ. ಎಂತ ಮಾಡೂದು?"

ಸೀಸೆಯ ವಿಷಯವನ್ನು ನಾನು ಅವನಿಗೆ ಹೇಳಿಯೇ ಇಲ್ಲ.