ಹೊಸ್ತಿಲಿಗೆ ಬಂದ ದೆವ್ವದ ಕಾರ್ಡು

"ಮಮ್ಮಿ, ರಸಿಕಾನ ಬರ್ತ್‌ಡೇಕ್ಕ ನನಗೊಂದು ದೆವ್ವ ಮಾಡಿಕೊಡ. ಜಲ್ದಿ ಬೇಕು."

ನಾಗಪುರಕ್ಕೆ ಬಂದು ವರ್ಷ ತುಂಬುವ ಹೊತ್ತಿಗೆ ನನ್ನ ಮಗಳು ಸಿರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತಿದು. ನಾನು ಗದಗಿನವಳು. ನಮ್ಮಲ್ಲಿ ಹುಟ್ಟುಹಬ್ಬವೆಂದರೆ ತಲೆಗೆ ಎಣ್ಣೆ, ಹೊಸ ಬಟ್ಟೆ, ಆರತಿ, ಹೋಳಿಗೆ. ಆ ದಿನ ಯಾರಾದರೂ ಸೀನಿದರೂ ಬೈಸಿಕೊಳ್ಳುತ್ತಿದ್ದರು. ಅಂಥ ದಿನಕ್ಕೆ ದೆವ್ವ ಕೇಳುವ ಕೂಸನ್ನು ಹೆತ್ತವಳು ನಾನೇನಾ ಎಂದು ಸೌಟು ಹಿಡಿದುಕೊಂಡೇ ನಿಂತೆ.

ವಿಷಯ ಇಷ್ಟು. ಮೇಲಿನ ಮನೆಯ ರಸಿಕಾ ಹುಟ್ಟಿದ್ದು ಅಕ್ಟೋಬರ್ ತಿಂಗಳ ಕೊನೆಯ ದಿನ. ವಿದೇಶದವರಿಗೆ ಅಂದು ಹ್ಯಾಲೊವೀನ್. ಮಕ್ಕಳು ದೆವ್ವದ ವೇಷ ಹಾಕುತ್ತಾರೆ, ದೊಡ್ಡವರು ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಡುತ್ತಾರೆ. ಆ ಹಬ್ಬ ಹೇಗೋ ದಾರಿ ಮಾಡಿಕೊಂಡು ಪ್ರತಾಪ ನಗರದ ನಮ್ಮ ಅಪಾರ್ಟ್‌ಮೆಂಟಿಗೂ ಬಂದು ಸೇರಿತ್ತು. ಗೇಟಿನ ಮೇಲೆ ದೀಪಾವಳಿಯ ಆಕಾಶಕಂದೀಲು, ಅಂದರೆ ನಮ್ಮ ಆಕಾಶಬುಟ್ಟಿ, ತೂಗುತ್ತಿತ್ತು. ಅದರ ಪಕ್ಕದಲ್ಲೇ ಮಕ್ಕಳು ಬಿಳಿ ಪೇಪರಿನ ದೆವ್ವವೊಂದನ್ನು ಕಟ್ಟಿದ್ದರು.

ಸಿರಿಯನ್ನು ನಾನು ಗದರಿಸಲಿಲ್ಲ. ಆ ಮಗು ಏನನ್ನಾದರೂ ಬಾಯಿಬಿಟ್ಟು ಕೇಳಿತಲ್ಲ ಎಂಬ ಸಮಾಧಾನವೇ ನನಗೆ ದೊಡ್ಡದಾಗಿತ್ತು. ನಮ್ಮವರಿಗೆ ಇಲ್ಲಿಯ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾದಾಗ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅವಳೇ. ಗದಗಿನಲ್ಲಿ ಓಣಿಯ ಉದ್ದಕ್ಕೂ ಗೆಳತಿಯರು. ಇಲ್ಲಿ ಶಾಲೆಯಿಂದ ಬಂದವಳೇ ಕೂಲರ್ ಮುಂದೆ ಕುಳಿತು, "ನಾವು ವಾಪಸ್ ಯಾವಾಗ ಹೋಗೂದು?" ಎನ್ನುತ್ತಿದ್ದಳು.

ನನ್ನ ಪಾಡೂ ಅಷ್ಟಕ್ಕಷ್ಟೇ. ಜಲ್ದಿ, ಬರೋಬರ್, ಚಲೋ ಎಲ್ಲ ನಮ್ಮ ಕಡೆಯೂ ಓಡಾಡುವ ಮಾತುಗಳೇ, ಮರಾಠಿ ಏನು ಮಹಾ ಎಂದುಕೊಂಡು ಬಂದಿದ್ದೆ. ಆದರೆ ನಾನು ಒಂದು ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ತರಕಾರಿ ಗಾಡಿಯವನು ಮೂರು ಮನೆ ದಾಟಿರುತ್ತಿದ್ದ. ಗದಗಿನಲ್ಲಿ ಅವಲಕ್ಕಿಗೆ ಒಗ್ಗರಣೆ ಕೊಟ್ಟರೆ ಮುಗಿಯಿತು. ಇಲ್ಲಿ ಅದರ ಮೇಲೆ ಕೆಂಪು ಕಡಲೆಸಾರು ಸುರಿಯುತ್ತಾರೆ, ತರ್ರಿ ಎನ್ನುತ್ತಾರೆ. ಮೊದಲ ಸಲ ತಿಂದಾಗ ಮೂಗು ಕಣ್ಣು ಒಟ್ಟಿಗೇ ಹರಿದವು. ಈಗ ಭಾನುವಾರ ಅದಿಲ್ಲದಿದ್ದರೆ ನಾನೇ ಮುಖ ಊದಿಸುತ್ತೇನೆ.

ಇಂಥದರಲ್ಲಿ ಒಂದು ಸಂಜೆ ರಸಿಕಾ ಬೆಲ್ ಒತ್ತಿ, "ಸಿರಿ ಆಹೇ ಕಾ?" ಎಂದು ಕೇಳಿದಳು. ಸಿರಿ ಇದ್ದಾಳಾ ಎಂದು ಈ ಊರಿನಲ್ಲಿ ಒಬ್ಬರು ಕೇಳಿದ್ದು ಅದೇ ಮೊದಲು. ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಎನಿಸಿತ್ತು. ಅವಳಿಗಾಗಿ ದೆವ್ವವೇನು, ದೆವ್ವದ ಮನೆಮಂದಿಯನ್ನೆಲ್ಲ ಮಾಡಲು ತಯಾರಿದ್ದೆ.

ಸಿರಿಗೆ ಬೇಕಿದ್ದದ್ದು ದೆವ್ವದ ಚಿತ್ರವಿರುವ ಕಾರ್ಡು. "ಅಂಗಡಿಯಾಗ ಒಂದು ಕಾರ್ಡ್ ತಂದ್ರ ಆತಲ್ಲ," ಅಂದರು ನಮ್ಮವರು. "ಅದನ್ನ ಎಲ್ಲಾರೂ ಕೊಡ್ತಾರ ಪಪ್ಪಾ," ಅಂದಳು ಸಿರಿ. ಸರಿ, ಅಚ್ಚು ಕೆತ್ತಿ ಒತ್ತೋಣ ಎಂದು ನಾನೇ ಸೆರಗು ಕಟ್ಟಿದೆ. ಹಳೆ ಊರಾದ ಮಹಾಲಿನ ಗಲ್ಲಿಗಳಲ್ಲಿ ಸ್ಕೂಟರುಗಳ ನಡುವೆ ಮೈ ಹಿಂಡಿಕೊಂಡು ಹೋಗಿ ಕಪ್ಪು ಇಂಕ್ ಪ್ಯಾಡು, ದಪ್ಪ ಡ್ರಾಯಿಂಗ್ ಪೇಪರು ತಂದೆವು. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ದೆವ್ವ ಕೆತ್ತಿದೆ. ಅರ್ಧ ಆಲೂಗಡ್ಡೆಯಲ್ಲಿ ಕುಂಬಳಕಾಯಿ. ಚಾಕು ಇಡುವ ಮುಂಚೆ ನನ್ನ ಕೈ ತಡೆಯಿತು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲವಲ್ಲ, ಗಂಡಸರೇ ಹಾಕಬೇಕು. ನಮ್ಮವರನ್ನು ಕರೆದೆ. "ಇದು ಆಲೂಗಡ್ಡಿ ಐತಿ," ಅಂದರು ಅವರು. "ಆಕಾರ ಕುಂಬಳಕಾಯಿದ ಐತಲ್ಲ, ಸುಮ್ನ ಒಂದು ಗೆರಿ ಎಳೀರಿ," ಅಂದೆ. ಎಳೆದರು.

ಆಲೂಗಡ್ಡೆಯ ನೀರನ್ನು ಬಟ್ಟೆಯಲ್ಲಿ ಒತ್ತಿ ಒರೆಸದಿದ್ದರೆ ಬಣ್ಣ ಹರಡಿ ಕುಂಬಳಕಾಯಿ ಟೊಮ್ಯಾಟೊ ಆಗುತ್ತದೆ ಎಂದು ಎರಡು ಹಾಳೆ ಕೆಟ್ಟ ಮೇಲೆ ತಿಳಿಯಿತು. ಸಿರಿಗೆ ಬಾವಲಿಯೂ ಬೇಕಿತ್ತು, ಅದರ ಅಗಲ ರೆಕ್ಕೆಗೆ ರಬ್ಬರು ಸಾಲಲಿಲ್ಲ. ಚಿಕ್ಕವರಿದ್ದಾಗ ಹರಿದ ಹವಾಯಿ ಚಪ್ಪಲಿ ಕತ್ತರಿಸಿ ಆಟದ ಗಾಡಿಗೆ ಗಾಲಿ ಮಾಡುತ್ತಿದ್ದೆವು. ಅದು ನೆನಪಾಗಿ ನಮ್ಮವರ ಹಳೆ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಿಂದ ಕೊರೆದು ಬೆಂಕಿಪೆಟ್ಟಿಗೆಗೆ ಅಂಟಿಸಿದೆ. ಎಂಥಾ ಬಾವಲಿ ಬಂತೆಂದರೆ, ಸಿರಿ ಕುಣಿದಾಡಿಬಿಟ್ಟಳು. ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ರಸಿಕಾಳ ಹೆಸರನ್ನು ತಾನೇ ದೊಡ್ಡದಾಗಿ ಬರೆದಳು.

ಹುಟ್ಟುಹಬ್ಬದ ಬೆಳಿಗ್ಗೆ ತನ್ನ ಕಾರ್ಡೇ ಮೊದಲು ಸಿಗಬೇಕೆಂದು ಅವಳ ಹಟ. ಅವರಿನ್ನೂ ಎದ್ದಿರಲಿಕ್ಕಿಲ್ಲ, ಬಾಗಿಲಲ್ಲಿ ಇಟ್ಟು ಬರೋಣ ಎಂದೆ. ಕಾರ್ಡು ಮನೆಯಿಂದ ಹೊರಡುವಾಗ ನನ್ನ ಕೈ ತಾನಾಗಿಯೇ ದೇವರ ಮುಂದಿನ ಬಟ್ಟಲಿಗೆ ಹೋಯಿತು. ಶುಭದ ಕಾಗದ ನಮ್ಮ ಮನೆಯಿಂದ ಬರಿದಾಗಿ ಹೊರಡುವುದಿಲ್ಲ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದೆ. ಮೇಲೆ ದೆವ್ವವಿದೆಯಲ್ಲ ಎಂದು ತುಸು ಹೆಚ್ಚೇ ಹಚ್ಚಿದೆ. ಅವರ ಹೊಸ್ತಿಲ ಮೇಲಿಟ್ಟು, ಗಾಳಿಗೆ ಹಾರದಿರಲಿ ಎಂದು ಮೇಲೊಂದು ಸಂತ್ರಾ ಇಟ್ಟೆ. ನಾಗಪುರದ ಕಿತ್ತಳೆ ಆ ತಿಂಗಳಲ್ಲಿ ಇನ್ನೂ ಹಸಿರಾಗಿಯೇ ಇರುತ್ತದೆ.

ಮಧ್ಯಾಹ್ನ ಸಿರಿ ಶಾಲೆಯಿಂದ ಬಂದವಳು ಚೀಲ ಎಸೆದಳು.

"ರಸಿಕಾ ಬಸ್ಸಿನ್ಯಾಗ ಬ್ಯಾರೆ ಕಡೆ ಕುಂತ್ಲು. ನನ್ನ ಕೂಡ ಮಾತಾಡಬ್ಯಾಡ ಅಂತ ಅವರ ಆಜಿ ಹೇಳ್ಯಾರಂತ. ನಾವು ಕರಣಿ ಮಾಡೇವಂತ. ಕರಣಿ ಅಂದ್ರೇನು?"

ಕರಣಿ ಎಂದರೆ ಮಾಟ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. "ಸಂಜಿಗೆ ಪಾರ್ಟಿಗೂ ಬರಬ್ಯಾಡ ಅಂದಾರ. ಮಮ್ಮಿ, ನಾವು ಗದಗಕ್ಕ ಹೋಗೂಣು ನಡಿ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ವರ್ಷವಿಡೀ ಕಾದು ಸಿಕ್ಕ ಒಬ್ಬಳೇ ಗೆಳತಿ ನನ್ನ ಒಂದು ಚಿಟಿಕೆ ಕುಂಕುಮಕ್ಕೆ ಹೋಗಿದ್ದಳು.

ಮೊದಲು ಬಂದದ್ದು ಸಿಟ್ಟು. ಪುರಾವೆಗೆಂದು ಅಚ್ಚು, ಇಂಕ್ ಪ್ಯಾಡು ಎಲ್ಲ ಬುಟ್ಟಿಗೆ ತುಂಬಿಕೊಂಡು, ಯಾರ ಮಗಳಿಗೆ ಏನಂದಿರಿ ಎಂದು ಕೇಳಿಯೇ ಬಿಡುತ್ತೇನೆಂದು ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ನಿಂತೆ. ಕಪ್ಪು ಆಕೃತಿ, ಕೆಂಪಕ್ಷರದಲ್ಲಿ ಮೊಮ್ಮಗಳ ಹೆಸರು, ಅರಿಶಿನ, ಕುಂಕುಮ, ಮೇಲೊಂದು ಹಸಿರು ಹಣ್ಣು. ಹೊಸ್ತಿಲ ಮೇಲೆ ಇಂಥದ್ದನ್ನು ಕಂಡಿದ್ದರೆ ಗದಗಿನಲ್ಲಿ ನನ್ನವ್ವ ಓಣಿಯನ್ನೇ ಕೂಡಿಸುತ್ತಿದ್ದಳು. ಉಳಿದ ಮೆಟ್ಟಿಲು ಹತ್ತುವಾಗ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು.

ರಸಿಕಾಳ ಆಜಿ, ಅಂದರೆ ಅಜ್ಜಿ, ಸರಪಳಿ ತೆಗೆಯದೆ ಬಾಗಿಲನ್ನು ಅರ್ಧ ತೆರೆದರು. ಅವರು ಆಡಿದ್ದು ಮರಾಠಿ. ಆದರೆ ಆ ಮಾತಿನ ಏಟು ಥೇಟ್ ನಮ್ಮೂರ ಹಿರಿಯರದು, ಹಾಗಾಗಿ ಗದಗಿನ ಕನ್ನಡದಲ್ಲೇ ಹೇಳುತ್ತೇನೆ.

"ಆಜಿ, ಅದು ಬರ್ತ್‌ಡೇ ಕಾರ್ಡ್. ನನ್ನ ಮಗಳು ಮಾಡಿದ್ದು."

"ಹಳದಿ-ಕುಂಕುಮ ಯಾಕ ಹಚ್ಚಿದಿ?"

"ನಮ್ಮ ಕಡೆ ಶುಭದ ಕಾಗದಕ್ಕ ಹಚ್ತೇವ್ರಿ."

"ನಾವೂ ಹಚ್ತೀವಿ. ಶುಭದ ಕಾಗದದ ಮ್ಯಾಲೆ ಭೂತ ಇರ್ತದೇನು?"

ಹೊಳೆದದ್ದನ್ನು ಆಡಿದೆ. ಈ ಊರಿನಲ್ಲಿ ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಮರುದಿನ ಮಾರ್ಬತ್ ಎಂಬ ದೊಡ್ಡ ರಕ್ಕಸಿ ಬೊಂಬೆಗಳನ್ನು ಮೆರವಣಿಗೆ ಮಾಡಿ ಸುಡುತ್ತಾರೆ. "ನಿಮ್ಮ ಮಾರ್ಬತ್ತೂ ದೆವ್ವದ ಹಂಗ ಇರ್ತಾಳಲ್ರಿ," ಎಂದೆ.

"ಮಾರ್ಬತ್ ಊರಿನ ಪೀಡೆ ಹೊತ್ತು ಹೊರಗ ಹೋಗ್ತಾಳ ಬಾಈ. ನಿನ್ನ ಭೂತ ನನ್ನ ಹೊಸ್ತಿಲಿಗೆ ಬಂದದ."

ಸೋತೆ. ಕೊನೆಗೆ ದೆವ್ವದ ಅಚ್ಚನ್ನು ಇಂಕಿಗೆ ಒತ್ತಿ ನನ್ನ ಅಂಗೈ ಮೇಲೇ ಒತ್ತಿಕೊಂಡೆ. "ಇದರಾಗ ಕೆಟ್ಟದ್ದಿದ್ರ ನನಗ ತಟ್ಟಲಿ ಆಜಿ. ಕೂಸುಗಳ ಗೆಳೆತನ ಮುರೀಬ್ಯಾಡ್ರಿ. ನನ್ನ ಮಗಳಿಗೆ ಈ ಊರಾಗ ಮತ್ಯಾರೂ ಇಲ್ಲ," ಎನ್ನುವಾಗ ನನ್ನ ಮರಾಠಿಯೂ ಮುಗಿಯಿತು, ಧೈರ್ಯವೂ ಮುಗಿಯಿತು. ಅತ್ತುಬಿಟ್ಟೆ.

ಸರಪಳಿ ತೆಗೆದ ಸದ್ದಾಯಿತು. ಆಜಿ ಬುಟ್ಟಿಯೊಳಗೆ ಕೈ ಹಾಕಿ ಒಂದೊಂದನ್ನೇ ತಿರುಗಿಸಿ ನೋಡಿದರು. ಬಾವಲಿಯನ್ನು ಹೆಬ್ಬೆರಳಲ್ಲಿ ಅಮುಕಿದರು, ಮೂಸಿದರು.

"ಇದು ಯಾತರದು?"

ಸುಳ್ಳು ಹೇಳಬಹುದಿತ್ತು. ಹುಟ್ಟುಹಬ್ಬದ ಕಾಗದಕ್ಕೆ ಚಪ್ಪಲಿ ಒತ್ತಿದೆ ಎಂದು ಯಾವ ಬಾಯಿಂದ ಹೇಳಲಿ? ಆದರೆ ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಇನ್ನೂ ಕಷ್ಟ. "ಚಪ್ಪಲಿದ್ರಿ. ನಮ್ಮನಿಯವರ ಹಳೇ ಚಪ್ಪಲಿ," ಎಂದೆ.

"ಹರಿದದ್ದು?"

"ಹರಿದದ್ದು."

ಆಜಿಯ ಮುಖ ಸಡಿಲಾಯಿತು. ಒಳಗೆ ಬಲೂನು ಊದುತ್ತಿದ್ದ ಸೊಸೆಗೆ ಕೂಗಿ ಹೇಳಿದರು, "ಕೇಳಿದೇನು? ಇದರಾಗ ಹಳೇ ಚಪ್ಪಲಿ ಅದ! ಚಪ್ಪಲಿ ಇದ್ದಲ್ಲಿ ಕರಣಿ ನಿಂದರತದೇನು?" ನನ್ನ ಕಡೆ ತಿರುಗಿ, "ಹುಚ್ಚೀ, ಮೊದಲ ಹೇಳಬಾರದಾ?" ಎಂದರು.

ಇಲ್ಲಿಯೂ ಅಷ್ಟೇ, ಅಲ್ಲಿಯೂ ಅಷ್ಟೇ. ಕಟ್ಟುವ ಮನೆಗೆ ದೃಷ್ಟಿಯಾಗದಿರಲೆಂದು ಹರಿದ ಚಪ್ಪಲಿ ತೂಗುಹಾಕುತ್ತೇವೆ. ಮಾಟ ಮಾಡುವವರು ಚಪ್ಪಲಿಯ ಗೊಡವೆಗೆ ಹೋಗುವುದಿಲ್ಲ. ನಾನು ಮುಚ್ಚಿಡಲು ಹೊರಟದ್ದೇ ನನ್ನನ್ನು ಉಳಿಸಿತ್ತು. ಸೊಸೆ ನಗು ತಡೆಯಲಾರದೆ ಹೊರಗೆ ಬಂದಳು.

ಹಳೆಯ ಕಾರ್ಡು ಆಗಲೇ ಕಸದ ಗಾಡಿ ಸೇರಿತ್ತು. ಸಿರಿಯನ್ನು ಕರೆಸಿದೆವು. ಅವರ ಹಾಲ್‌ನಲ್ಲೇ ಕುಳಿತು ಇನ್ನೊಂದು ಮಾಡಿದೆವು. ಈ ಸಲ ಅರಿಶಿನ ಕುಂಕುಮ ಬೇಡ ಎಂದ ಆಜಿ ನಾಲ್ಕು ಮೂಲೆಗೂ ತಾವೇ ಬಾವಲಿ ಒತ್ತಿದರು. ಸಂಜೆ ದೆವ್ವದ ವೇಷದ ರಸಿಕಾಳನ್ನು ಮಣೆಯ ಮೇಲೆ ಕೂರಿಸಿ ಔಕ್ಷಣ್ ಮಾಡಿದರು, ನಮ್ಮ ಆರತಿಯೇ ಅದು. ಆಮೇಲೆ ಸಿರಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡರು.

ಮೊನ್ನೆ ಕೆಳಗಿನ ಮನೆಗೆ ಊರಾಚೆಯ ಕೋರಾಡಿಯ ಕಾಲನಿಯಿಂದ ಹೊಸಬರು ಬಂದರು. ತರಕಾರಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಆ ಮನೆಯ ಹುಡುಗಿ ಸಿರಿಯನ್ನು, "ತೂ ಕುಠಲೀ?" ನೀನು ಎಲ್ಲಿಯವಳು ಎಂದು ಕೇಳಿದ್ದು ಕಿವಿಗೆ ಬಿತ್ತು.

"ಮೀ ಇಥಲೀಚ," ಅಂದಳು ನನ್ನ ಮಗಳು. ನಾನು ಇಲ್ಲಿಯವಳೇ.

ಇದೇ ಮಾತು ಬರಲೆಂದು ದೇವರಿಗೆ ಹರಕೆ ಹೊತ್ತವಳು ನಾನು. ಸಂತೋಷವಾಯಿತು, ನಿಜವಾಗಿಯೂ ಆಯಿತು. ಆದರೂ ಮನೆಗೆ ಬಂದವಳೇ ಗದಗಿಗೆ ಫೋನು ಹಚ್ಚಿದೆ.

"ಸಿರಿ ಹ್ಯಾಂಗದಾಳ?" ಎಂದಳು ನನ್ನವ್ವ.

"ಚಲೋ ಹೊಂದ್ಯಾಳವ್ವಾ. ಇದು ಈಗ ಆಕಿ ಊರು."

"ಮತ್ತ ನೀ?"

"ನಾ ಮಗಳ ಊರಿಗೆ ಬಂದೀನವ್ವಾ."

ಅವ್ವ ನಕ್ಕಳು. "ಮಗಳ ಊರಿಗೆ ಹೋದಾಕಿ ಭಾಳ ದಿನ ಇರಬಾರದು," ಅಂದಳು. ನಾನೂ ನಕ್ಕೆ, ಹೂಂ ಎಂದೆ. ಕೆಳಗೆ ಸಿರಿ ಹೊಸ ಹುಡುಗಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂದು ಮರಾಠಿಯಲ್ಲಿ ಹೇಳಿಕೊಡುತ್ತಿದ್ದಳು. ಫೋನಿಟ್ಟು ರೊಟ್ಟಿಗೆ ನೀರು ಕಾಯಲಿಟ್ಟೆ.