ಗುಡ್ಡವ್ವ ಕೊಟ್ಟ ಅರಿಶಿಣ

ಮಮದಾಪುರದ ಸರಕಾರಿ ಶಾಲೆಯಲ್ಲಿ ಗುಡ್ಡವ್ವ ಹದಿನೆಂಟು ವರ್ಷಗಳಿಂದ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಇನ್ನೂರು ಮಕ್ಕಳ ಅನ್ನ ಸಾರು ಅವಳ ಕೈಯಂದಾಜಿನಲ್ಲೇ ನಡೆಯುತ್ತದೆ. ಆದರೆ ತರಗತಿಯ ಹೊಸ್ತಿಲು ಮಾತ್ರ ಎಂದೂ ದಾಟಿರಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ತನಗೆ ಅಲ್ಲೇನು ಕೆಲಸ ಎಂಬ ಅಳುಕು.

ಹೋದ ವರ್ಷ ಸಂಕೇಶ್ವರದ ಸಪ್ನಾ ವಿಜ್ಞಾನ ಕಲಿಸಲು ಬಂದಳು. ಪ್ರಯೋಗದ ಸಾಮಾನು ಇಡುವ ಕಪಾಟು ಖಾಲಿ. ಎರಡು ದಿನ ನೋಡಿದಳು, ಮೂರನೆಯ ದಿನ ನೇರ ಅಡುಗೆಮನೆಗೆ ಬಂದಳು.

“ಗುಡ್ಡವ್ವಾರ, ಚೂರು ಅರಿಶಿಣಪುಡಿ, ಸಾಬೂನ ನೀರು ಕೊಡ್ತೀರೇನ್ರಿ?”

ಗುಡ್ಡವ್ವ ಕೊಟ್ಟಳು. ಮನಸ್ಸು ತಡೆಯದೆ ಬೇಳೆಯ ಪಾತ್ರೆಗೆ ಮುಚ್ಚಳ ಹಾಕಿ, ತರಗತಿಯ ಕಿಟಕಿಗೆ ಹೋಗಿ ನಿಂತಳು. ಸಪ್ನಾ ಬಿಳಿ ಹಾಳೆಗೆ ಅರಿಶಿಣ ಬಳಿದು, ಅದರ ಮೇಲೆ ಸಾಬೂನು ನೀರಿನ ಗೆರೆ ಎಳೆದಳು. ಗೆರೆ ಕೆಂಪಾಯಿತು. ಮಕ್ಕಳು ಬಾಯಿ ಬಿಟ್ಟು ನೋಡಿದರು.

“ನಮಗ ಇದು ದಿನಾ ಕಾಣೋದ ಐತ್ರಿ ಅಕ್ಕೋರ. ಸೀರಿ ಒಗಿಯೋ ಮುಂದ ಅರಿಶಿಣದ ಕಲಿ ಹಿಂಗ ಕೆಂಪಾಗತೈತಿ. ಲಿಂಬಿಹಣ್ಣು ಹಿಂಡ್ರಿ, ತಿರುಗಿ ಹಳದಿ ಆಗತೈತಿ” ಎಂದುಬಿಟ್ಟಳು ಗುಡ್ಡವ್ವ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಸಪ್ನಾ ಸಿಟ್ಟಾಗಲಿಲ್ಲ. “ಒಳಗ ಬರ್ರಿ. ನೀವ ಮಾಡಿ ತೋರಸ್ರಿ.”

ಅಡುಗೆಮನೆಯಿಂದ ಲಿಂಬೆ ತಂದು, ಸೆರಗಿಗೆ ಕೈ ಒರೆಸಿಕೊಂಡು ಗುಡ್ಡವ್ವ ಒಳಗೆ ಹೋದಳು, ಗೆರೆಯ ಮೇಲೆ ಹಿಂಡಿದಳು. ಕೆಂಪು ಗೆರೆ ಹಳದಿಯಲ್ಲಿ ಕರಗಿತು.

“ಯಾಕ ಹಿಂಗಾತು, ಆಯಿ?” ಏಳನೆಯ ತರಗತಿಯ ಮಾಲಾ ಕೇಳಿದಳು.

“ನನಗೂ ಗೊತ್ತಿಲ್ಲವ್ವ. ಅದನ್ನ ಕೇಳಾಕ ನಾನೂ ಕುಂದರತೇನಿ.”

ಹಿಂದಿನ ಬೆಂಚಿನಲ್ಲಿ ಕೂತು ಕೇಳಿದಳು. ಸಾಬೂನು ಕ್ಷಾರ, ಲಿಂಬೆ ಆಮ್ಲ. ಯಾವುದು ಯಾವುದೆಂದು ಅರಿಶಿಣ ತನ್ನ ಬಣ್ಣದಿಂದ ಹೇಳಿಬಿಡುತ್ತದೆ. ಮೂವತ್ತು ವರ್ಷ ಸೀರೆ ಒಗೆದವಳಿಗೆ ಅಂದು ಕಲೆಯ ಗುಟ್ಟು ತಿಳಿಯಿತು. ಅಲ್ಲಿಂದ ಪ್ರತಿ ಶನಿವಾರ ಅಡುಗೆಮನೆಯಿಂದ ಒಂದಿಲ್ಲೊಂದು ಸಾಮಾನು ತರಗತಿಗೆ ಹೋಗುತ್ತಿತ್ತು, ಬೆನ್ನಿಗೇ ಗುಡ್ಡವ್ವನೂ.

ಡಿಸೆಂಬರಿನಲ್ಲಿ ಗೋಕಾಕದಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ಹೊರಡುವ ಬೆಳಿಗ್ಗೆಯೇ ಸಪ್ನಾಳಿಗೆ ಜ್ವರ. ಹೆಡ್‌ಮಾಸ್ತರರು ಮಕ್ಕಳ ಜೊತೆ ಗುಡ್ಡವ್ವನನ್ನು ಕರೆದೊಯ್ದರು. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸುವುದು ಮಾಲಾಳ ಪಾಲಿಗೆ ಬಂದಿತ್ತು. ಪರೀಕ್ಷಕರು ಎದುರು ನಿಂತಾಗಲೇ ಮೊಟ್ಟೆ ತಳ ಹಿಡಿದು ಕೂತಿತು. ಹುಡುಗಿಯ ಕಣ್ಣಲ್ಲಿ ನೀರು.

ಗುಡ್ಡವ್ವ ಬಾಗಿ ಗ್ಲಾಸು ನೋಡಿದಳು. “ಉಪ್ಪು ಕಮ್ಮಿ ಬಿದ್ದೈತಿ. ಹೆದರಬ್ಯಾಡ, ಇನ್ನೆರಡು ಚಮಚ ಹಾಕಿ ತಿರುವು.”

ಮಾಲಾ ತಿರುವಿದಳು. ಮೊಟ್ಟೆ ನಿಧಾನಕ್ಕೆ ಮೇಲೆದ್ದಿತು.

“ನೀವು ಇವರ ಟೀಚರ್ ಏನ್ರಿ?” ಪರೀಕ್ಷಕರು ಕೇಳಿದರು. ಗುಡ್ಡವ್ವ ಬಾಯಿ ತೆರೆಯುವಷ್ಟರಲ್ಲಿ ಮಾಲಾಳೇ ಹೇಳಿದಳು: “ಅಡಿಗಿ ಆಯಿ ರೀ. ನಮಗ ಕಲಸತಾರ.”

ಬಹುಮಾನ ಬೇರೆ ಶಾಲೆಯ ಪಾಲಾಯಿತು. ಮರುದಿನ ಗುಡ್ಡವ್ವ ಗಂಜಿ ಕಾಯಿಸಿಕೊಂಡು ಸಪ್ನಾಳ ಬಾಡಿಗೆ ಕೋಣೆಗೆ ಹೋದಳು.

“ಅವತ್ತು ನೀವು ನನ್ನ ಒಳಗ ಕರದ್ರಿ ಅಕ್ಕೋರ. ನಿಮ್ಮ ಉಪಕಾರ ಮರಿಯಾಂಗಿಲ್ಲ” ಎಂದಳು.

“ನಿಮ್ಮ ಅಡಿಗಿಮನಿ ಇರದಿದ್ರ ನನ್ನ ಪಾಠ ಪುಸ್ತಕದಾಗ ಉಳೀತಿತ್ತು. ಉಪಕಾರ ನಿಮ್ದು” ಎಂದು ಸಪ್ನಾ ಅವಳ ಕೈ ಹಿಡಿದುಕೊಂಡಳು.

ಈಗ ಊಟದ ಪಾತ್ರೆ ತೊಳೆದಾದ ಮೇಲೆ ಗುಡ್ಡವ್ವ ಮಾಲಾಳ ಹಳೆಯ ವಿಜ್ಞಾನ ಪುಸ್ತಕವನ್ನು ಅಕ್ಷರ ಕೂಡಿಸಿ ಓದುತ್ತಾಳೆ. ಮೊನ್ನೆ ಮೊದಲ ಪಾಠ ಮುಗಿಯಿತು.